ಎಂಜಿನ್ ಬ್ಲಾಕ್ ಬಿರುಕಿನ ದುರಸ್ತಿ
ತೋಟದ ಸಣ್ಣ ಟ್ರ್ಯಾಕ್ಟರುಗಳ ಎಂಜಿನ್ ಬ್ಲಾಕಿನಲ್ಲಿ ಬಿಟ್ಟ ಬಿರುಕನ್ನು ಮುಚ್ಚುವ ಕೆಲಸ. ಶೀತಪ್ರದೇಶಗಳಲ್ಲಿ ಬ್ಲಾಕಿನೊಳಗಿನ ನೀರು ಹೆಪ್ಪುಗಟ್ಟಿ ಸುಮಾರು 9% ಹಿಗ್ಗಿದಾಗ ಗೋಡೆ ಸೀಳುತ್ತದೆ. ಗಾಳಿಯಿಂದ ತಣಿಯುವ ಎಂಜಿನ್ನುಗಳಲ್ಲಿ ಮುರಿದ ಕನೆಕ್ಟಿಂಗ್ ರಾಡ್ ಬಡಿದು ಕ್ರ್ಯಾಂಕ್‌ಕೇಸ್ ಒಡೆಯುವುದುಂಟು. ಬಣ್ಣದ ದ್ರಾವಣ ಹಚ್ಚಿ ಬಿರುಕಿನ ಪೂರ್ಣ ಉದ್ದವನ್ನು ಪತ್ತೆಹಚ್ಚಿ, ಅದು ಮುಂದುವರಿಯದಂತೆ ಎರಡೂ ತುದಿಗಳಲ್ಲಿ ಸಣ್ಣ ತೂತು ಕೊರೆಯುತ್ತಾರೆ. ಬೀಡುಕಬ್ಬಿಣವಾದರೆ ಬಿರುಕನ್ನು ‘ವಿ’ ಆಕಾರಕ್ಕೆ ಉಜ್ಜಿ, ಬ್ಲಾಕನ್ನು ಕಾಯಿಸಿ, ನಿಕ್ಕಲ್ ಎಲೆಕ್ಟ್ರೋಡಿನಿಂದ ಅಂಗುಲದಷ್ಟಷ್ಟೇ ಬೆಸೆಯುತ್ತ, ಬಿಸಿಯಿರುವಾಗಲೇ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಬಳಿಕ ಒಣಮರಳಿನಲ್ಲಿ ಹೂತು ನಿಧಾನವಾಗಿ ಆರಲು ಬಿಡುತ್ತಾರೆ. ಬೇಗ ಆರಿದರೆ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಏಳಬಹುದು. ಶಾಖವಿಲ್ಲದೆ, ಒಂದರ ಅಂಚಿಗೊಂದು ಸೇರುವಂತೆ ತಿರುಪಿನ ಮರೆಯುಳ್ಳ ಪಿನ್ನುಗಳನ್ನು ಸಾಲಾಗಿ ಕೂರಿಸುವ ‘ಲೋಹದ ಹೊಲಿಗೆ’ ವಿಧಾನವೂ ಇದೆ. ಎಪಾಕ್ಸಿ ಅಂಟು ಒತ್ತಡ ಕಡಿಮೆಯಿರುವ ಹೊರಗೋಡೆಗೆ ಮಾತ್ರ ಸಾಕು. ಮುಖ್ಯ ಬೇರಿಂಗ್ ಕೂರುವ ಜಾಗವೇ ಸೀಳಿದ್ದರೆ ಸಾಮಾನ್ಯವಾಗಿ ಬ್ಲಾಕನ್ನೇ ಬದಲಿಸುತ್ತಾರೆ.