ಏರಿ ಕಟ್ಟಿದವನ ಗದ್ದೆ

ಮನೆಯಂಗಳದಲ್ಲಿ ಸ್ವಿಮ್ಮಿಂಗ್ ಪೂಲ್ ಕಟ್ಟಿಸೋಕೆ ಹೊರಟವರೆಲ್ಲ ಕೇಳೋದು ಒಂದೇ ಪ್ರಶ್ನೆ: "ನಂಬಿಕಸ್ತ ಕಂಟ್ರ್ಯಾಕ್ಟರ್ ಯಾರಾದ್ರೂ ಗೊತ್ತಾ?" ಪ್ರಶ್ನೆ ಸಹಜವೇ. ಗೋಡೆ ವಾಲಿದರೆ ಕಣ್ಣಿಗೆ ಕಾಣುತ್ತೆ, ಬಾಗಿಲು ಸರಿಯಾಗಿ ಕೂರದಿದ್ದರೆ ಅವತ್ತೇ ಗೊತ್ತಾಗುತ್ತೆ. ನೀರು ಮಾತ್ರ ಟೈಲ್ಸಿನ ಹಿಂದೆ, ಮಣ್ಣಿನ ಕೆಳಗೆ ಸದ್ದಿಲ್ಲದೆ ಸೋರುತ್ತೆ. ಗೊತ್ತಾಗೋ ಹೊತ್ತಿಗೆ ಕಟ್ಟಿದವನು ದುಡ್ಡು ಎಣಿಸಿಕೊಂಡು ಇನ್ಯಾವುದೋ ಸೈಟಿನಲ್ಲಿರುತ್ತಾನೆ. ನೀರು ನಿಲ್ಲಿಸೋ ಕೆಲಸವನ್ನ ಯಾರ ಕೈಗೆ ಕೊಡೋದು ಅನ್ನೋ ಈ ತಲೆನೋವು ನಮ್ಮ ಕಡೆ ತುಂಬ ಹಳೇದು. ಆಗ ಕಟ್ಟಿಸ್ತಿದ್ದದ್ದು ಪೂಲ್ ಅಲ್ಲ, ಕೆರೆ.

ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ದಾಖಲೆ ಪೋರುಮಾಮಿಳ್ಳದ ಶಾಸನ. ಊರು ಈಗ ಆಂಧ್ರದ ಕಡಪ ಜಿಲ್ಲೆಯಲ್ಲಿದೆ; ಆಗ ವಿಜಯನಗರಕ್ಕೆ ಸೇರಿತ್ತು. ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ಅನಂತರಾಜಸಾಗರ ಅನ್ನೋ ಕೆರೆ ಕಟ್ಟಿಸಿ, 1369ರಲ್ಲಿ ಸಂಸ್ಕೃತದಲ್ಲಿ ಶಾಸನ ಹಾಕಿಸಿದ. ಸಾವಿರ ಆಳು, ನೂರು ಗಾಡಿ, ಎರಡು ವರ್ಷ ಅಂತ ಲೆಕ್ಕವೂ ಅದರಲ್ಲಿದೆ. ಅದಕ್ಕಿಂತ ಮುಖ್ಯವಾಗಿ, ಒಳ್ಳೆ ಕೆರೆಗೆ ಬೇಕಾದ ಹನ್ನೆರಡು ಅಂಗಗಳು, ಕೆರೆಗೆ ಬರಬಾರದ ಆರು ದೋಷಗಳು ಅಂತ ಪಟ್ಟಿಯನ್ನೇ ಕೊಟ್ಟಿದ್ದಾರೆ. ನಮ್ಮ ಎಷ್ಟೋ ಪ್ರಾಜೆಕ್ಟುಗಳ ರಿಕ್ವೈರ್‌ಮೆಂಟ್ ಡಾಕ್ಯುಮೆಂಟು ಇಷ್ಟು ಚೊಕ್ಕವಾಗಿರಲ್ಲ.

ಪಟ್ಟಿಯ ಕ್ರಮ ನೋಡಿ. ಕಟ್ಟೋದರಲ್ಲಿ ನುರಿತ ಆಳುಗಳ ತಂಡ ಬೇಕು ಅನ್ನೋದು ಹನ್ನೆರಡನೆಯದು, ಕೊನೆಯದು. ಮೊದಲನೆಯದು ಕಟ್ಟಿಸುವವನು: ಧರ್ಮವಂತನಾಗಿರಬೇಕು, ಕೈಯಲ್ಲಿ ದುಡ್ಡಿರಬೇಕು. ಎರಡನೆಯದು ನೀರಿನ ಶಾಸ್ತ್ರ ಓದಿಕೊಂಡವನು, ಅಂದ್ರೆ ಆಗಿನ ಕನ್ಸಲ್ಟೆಂಟು. ಮೂರನೆಯದು ಗಟ್ಟಿ ಜೇಡಿಮಣ್ಣಿನ ನೆಲ. ಆಮೇಲೆ ಸಿಹಿನೀರಿನ ಹೊಳೆ, ಗುಡ್ಡ, ಗುಡ್ಡಗಳ ನಡುವೆ ಅತಿ ಉದ್ದವಲ್ಲದ ಗಟ್ಟಿ ಕಲ್ಲಿನ ಏರಿ, ಹತ್ತಿರದಲ್ಲೇ ಉದ್ದನೆಯ ನೇರ ಕಲ್ಲು ಸಿಗೋ ಜಾಗ. ದೋಷಗಳಲ್ಲಿ ಮೊದಲನೆಯದೇ ಏರಿಯಿಂದ ನೀರು ಜಿನುಗೋದು. ಚೌಳು ಮಣ್ಣು ಇನ್ನೊಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರೋದು ಮತ್ತೊಂದು! ಪಕ್ಕದ ಸೈಟಿನವರ ಜೊತೆ ಕಾಂಪೌಂಡಿನ ತಕರಾರು ಇಟ್ಟುಕೊಂಡೇ ಗುಂಡಿ ತೋಡಿಸೋರು ಇದನ್ನ ಓದಬೇಕು. ಹನ್ನೆರಡರಲ್ಲಿ ಎರಡು ಮಾತ್ರ ತಿಳಿದವರ, ಕಟ್ಟುವವರ ಬಗ್ಗೆ. ಉಳಿದವೆಲ್ಲ ಕಟ್ಟಿಸುವವನದು, ನೆಲದ್ದು, ನೀರಿನದ್ದು, ಕಲ್ಲಿನದ್ದು.

ಇಷ್ಟು ತಿಳಿದಿದ್ದ ಸಾಮ್ರಾಜ್ಯವೂ ನೂರೈವತ್ತು ವರ್ಷದ ನಂತರ ತನ್ನ ರಾಜಧಾನಿಯ ಬುಡದಲ್ಲೇ ಪೇಚಿಗೆ ಸಿಕ್ಕಿಕೊಂಡಿತು. ಕೃಷ್ಣದೇವರಾಯ ಇಂದಿನ ಹೊಸಪೇಟೆ ಕಡೆ ದೊಡ್ಡ ಕೆರೆ ಕಟ್ಟಿಸಲು ಹೊರಟ. ಆ ಕೆಲಸವನ್ನ ಕಣ್ಣಾರೆ ಕಂಡವನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್. ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಮುತ್ತಿಕೊಂಡಿದ್ದರಂತೆ, ಕಾಲಡಿಯ ನೆಲವೇ ಕಾಣ್ತಿರಲಿಲ್ಲವಂತೆ. ರಾಜ ಕೆಲಸವನ್ನ ತನ್ನ ದಂಡನಾಯಕರಿಗೆ ತುಂಡು ತುಂಡಾಗಿ ಹಂಚಿಕೊಟ್ಟಿದ್ದ. ಅಂದ್ರೆ ಸಬ್ ಕಂಟ್ರ್ಯಾಕ್ಟು. ಕೆರೆ ಎರಡು ಮೂರು ಸಲ ಒಡೀತು.

ಕೆಲವು ವರ್ಷಗಳ ನಂತರ ಬರೆದ ಕುದುರೆ ವ್ಯಾಪಾರಿ ನ್ಯೂನಿಜ್ ಇನ್ನೊಂದು ವಿವರ ಕೊಡ್ತಾನೆ. ರಾಜ ಗೋವಾದ ಗವರ್ನರಿಗೆ ಹೇಳಿಕಳಿಸಿ ಕಲ್ಲುಕೆಲಸದವರನ್ನ ಕೇಳಿದ. ಬಂದವನು ಜೊವಾವ್ ದೆ ಲಾ ಪೊಂತೆ. ರಾಜ ಹೇಳಿದ ಹಾಗೆ ಕಟ್ಟೋದು ಆಗದ ಕೆಲಸ ಅಂತ ಅವನಿಗೆ ಅನ್ನಿಸಿತ್ತು. ಆದರೂ ಮಾಡಿಕೊಡ್ತೀನಿ ಅಂದ, ಸುಣ್ಣ ತರಿಸಿ ಅಂದ. ರಾಜ ನಕ್ಕುಬಿಟ್ಟ, ನಮ್ಮಲ್ಲಿ ಮನೆ ಕಟ್ಟೋಕೂ ಯಾರೂ ಸುಣ್ಣ ಬಳಸಲ್ಲ ಅಂತ. (ನಮ್ಮವರಿಗೆ ಗಾರೆ ಗೊತ್ತೇ ಇರಲಿಲ್ಲ ಅನ್ನೋದನ್ನ ನಾನು ನಂಬಲ್ಲ, ಹಂಪಿಯ ಗೋಪುರಗಳ ಮೇಲೇ ಗಾರೆ ಇದೆ. ನ್ಯೂನಿಜ್ ಬರೆದಿರೋದು ಹೀಗೆ.) ಕಣಿವೆಗೆ ದೊಡ್ಡ ದೊಡ್ಡ ಕಲ್ಲು ಸುರಿಸಿದರು, ನಿಲ್ಲಲಿಲ್ಲ. ಕೊನೆಗೆ ನರಬಲಿ ಕೊಟ್ಟರು ಅಂತ ಇಬ್ಬರೂ ಬರೀತಾರೆ. ಪಾಯಸ್ ಅರವತ್ತು ಜನ ಅಂತಾನೆ. ಆಗಲ್ಲ ಅಂತ ಗೊತ್ತಿದ್ದೂ ಹೂಂ ಅಂದ ಮೇಸ್ತ್ರಿ, ಸಾಮಾನು ಕೇಳಿದರೆ ನಗೋ ಯಜಮಾನ, ಜೀವ ತೆತ್ತವರು ಇಬ್ಬರೂ ಅಲ್ಲದ ಬೇರೆ ಯಾರೋ.

ಅರಸರ ಈ ದೊಡ್ಡಾಟಕ್ಕಿಂತ ಸಣ್ಣ ಊರುಗಳ ಪದ್ಧತಿಯೇ ನನಗೆ ಜಾಣತನದ್ದು ಅನ್ನಿಸುತ್ತೆ. ಕೆರೆ ಕಟ್ಟಿದವನಿಗೆ, ಒಡೆದ ಕೆರೆ ದುರಸ್ತಿ ಮಾಡಿಸಿದವನಿಗೆ ಗದ್ದೆ ಬಿಟ್ಟುಕೊಡ್ತಿದ್ದರು. ಶಾಸನಗಳಲ್ಲಿ ಬರೋ ಕಟ್ಟುಕೊಡಗೆ, ದಶವಂದ ಅನ್ನೋ ಮಾತುಗಳು ಈ ಬಗೆಯವು. ಕೆರೆಯ ಮುಂದಿನ ಪಾಲನೆಗೆ ಅಂತ ಬಿಡೋ ಭೂಮಿ ಅಥವಾ ಬೆಳೆಯ ಪಾಲು ಬಿತ್ತುವಟ್ಟ. ಆ ಗದ್ದೆ ಅದೇ ಕೆರೆಯ ಕೆಳಗಿದ್ದರೆ ಏನಾಗುತ್ತೆ ಯೋಚಿಸಿ: ಏರಿ ಸೋರಿದರೆ ಮೊದಲು ಒಣಗೋದು ಕಟ್ಟಿದವನ ಪೈರು. ಅವನು ಒಳ್ಳೆಯವನೋ ಕೆಟ್ಟವನೋ ಅಂತ ಯಾರೂ ವಿಚಾರಿಸಬೇಕಿಲ್ಲ. ತೂಬು ನೋಡಿಕೊಳ್ಳೋ ನೀರುಗಂಟಿಗೂ ಹಾಗೇ, ಸುಗ್ಗಿಯಲ್ಲಿ ರೈತರು ಕೊಡೋ ಕಾಳೇ ಸಂಬಳ. ಇದನ್ನ ಸುವರ್ಣಯುಗ ಅಂತ ಹೊಗಳೋದು ಬೇಡ. ಗದ್ದೆ ಬಹುಪಾಲು ಸಿಕ್ಕಿದ್ದು ಕೆಲಸ ಹೊತ್ತು ಮಾಡಿಸಿದ ಗೌಡನಿಗೆ, ಹಣ ಹಾಕಿದವನಿಗೆ. ಮಣ್ಣು ಹೊತ್ತವರಿಗೆ ಕೂಲಿ ಅಷ್ಟೇ.

ಇವತ್ತಿನ ಕರಾರಿನಲ್ಲಿ ಆ ಗದ್ದೆಯ ಜಾಗದಲ್ಲಿರೋದು ರಿಟೆನ್ಷನ್ ದುಡ್ಡು: ಬಿಲ್ಲಿನ ಒಂದು ಪಾಲು ಹಿಡಿದಿಟ್ಟು, ದೋಷ ಹೊಣೆಯ ಅವಧಿ ಮುಗಿದ ಮೇಲೆ ಕೊಡೋದು. ಸೋರೋದನ್ನ ಪರೀಕ್ಷಿಸೋಕೆ ದಾರಿಯೂ ಇದೆ. ಕಾಂಕ್ರೀಟ್ ನೀರುತೊಟ್ಟಿಗಳ ಭಾರತೀಯ ಮಾನಕ ಐಎಸ್ 3370ರ ಪ್ರಕಾರ ತೊಟ್ಟಿ ತುಂಬಿಸಿ, ಕಾಂಕ್ರೀಟು ನೀರು ಹೀರಿಕೊಳ್ಳಲು ಏಳು ದಿನ ಬಿಟ್ಟು, ಮತ್ತೆ ಏಳು ದಿನ ಗಮನಿಸಬೇಕು. ಟೈಲ್ಸ್ ಹಾಕೋ ಮೊದಲೇ ಇದಾದರೆ ಒಳ್ಳೇದು, ಆಮೇಲೆ ಎಲ್ಲಿ ಸೋರ್ತಿದೆ ಅಂತ ಹುಡುಕೋಕೆ ಎಲ್ಲ ಕೀಳಿಸಬೇಕು.

ನನ್ನ ಸಹೋದ್ಯೋಗಿಯೊಬ್ಬರು ಈ ಎರಡೂ ಷರತ್ತನ್ನ ಮೂವರು ಕಂಟ್ರ್ಯಾಕ್ಟರುಗಳ ಮುಂದಿಟ್ಟರು. ಒಬ್ಬ, "ನಂಬಿಕೆ ಇಲ್ದಿದ್ರೆ ಬಿಡಿ ಸರ್" ಅಂತ ಎದ್ದುಹೋದ. ಇನ್ನೊಬ್ಬ ಕೇಳಿದ್ದಕ್ಕೆಲ್ಲ ಹೂಂ ಅಂದ. ಮೂರನೆಯವನು, "ಸರಿ, ಆದ್ರೆ ಮೊದ್ಲು ಮಣ್ಣು ಟೆಸ್ಟ್ ಮಾಡಿಸಿ, ಅದರ ಖರ್ಚು ನಿಮ್ದು" ಅಂದ. ಕೆಲಸ ಅವನಿಗೇ ಸಿಕ್ಕಿತು. ಈಗ ತೊಟ್ಟಿಯಲ್ಲಿ ನೀರು ನಿಂತು ಒಂಬತ್ತನೇ ದಿನ. ಬೆಳಗಿನ ಮೀಟಿಂಗಿಗೆ ಮೊದಲು ಸ್ಕೇಲ್ ಹಿಡಿದು ಅಳೆಯೋದು ಅವರ ದಿನಚರಿಯಾಗಿದೆ.