ಐದನೆಯ ವರ್ಷದ ಮಾತ್ರೆ: ಹೃದ್ರೋಗ ತಡೆ ಔಷಧಗಳ ಬಳಕೆಯ ಬಗ್ಗೆ ಒಂದು ಟಿಪ್ಪಣಿ

ಬಡ ದೇಶಗಳವರಿಗೆ ಹೃದ್ರೋಗದ ಅಪಾಯಾಂಶಗಳು ಕಡಿಮೆ, ಸಾವು ಮಾತ್ರ ಹೆಚ್ಚು. 2014ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ‘ಪ್ಯೂರ್’ ಅಧ್ಯಯನದ ಲೇಖನದ ಸಾರ ಇದು. 17 ದೇಶಗಳ 1,56,424 ವಯಸ್ಕರ ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ ಮುಂತಾದವನ್ನು ಕೂಡಿಸಿ ಅಂಕ ಹಾಕಿದಾಗ ಶ್ರೀಮಂತ ದೇಶಗಳವರ ಅಂಕ ಎಲ್ಲರಿಗಿಂತ ಮೇಲಿತ್ತು. ಭಾರತ ಸೇರಿದ್ದ ಬಡ ದೇಶಗಳ ಗುಂಪಿನದು ಎಲ್ಲರಿಗಿಂತ ಕೆಳಗಿತ್ತು. ಆದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಆಘಾತಗಳು ವರ್ಷಕ್ಕೆ ಸಾವಿರ ಜನರಲ್ಲಿ ಅಲ್ಲಿ 3.99, ಇಲ್ಲಿ 6.43. ಆಘಾತವಾದವರಲ್ಲಿ ಸತ್ತವರು ಅಲ್ಲಿ ಶೇ. 6.5, ಇಲ್ಲಿ ಶೇ. 17.3.

ಆಸ್ಪತ್ರೆಯ ದೂರ, ತಡವಾಗಿ ಬರುವ ಆಂಬುಲೆನ್ಸ್, ಕಾಯಿಲೆಯನ್ನು ಗುರುತಿಸದೇ ಇರುವುದು, ಇವೆಲ್ಲ ಈ ಅಂತರದ ಕಾರಣಗಳೇ. ಇಲ್ಲಿ ಚರ್ಚಿಸುವುದು ಒಂದನ್ನು ಮಾತ್ರ: ಮಾತ್ರೆ.

ಇದೇ ಅಧ್ಯಯನದ ಇನ್ನೊಂದು ಲೇಖನ 2011ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದಿತ್ತು. ಮೊದಲೇ ಹೃದಯದ ರಕ್ತನಾಳದ ಕಾಯಿಲೆ ಅಥವಾ ಪಾರ್ಶ್ವವಾಯು ಆಗಿದ್ದವರಲ್ಲಿ ಎಷ್ಟು ಮಂದಿ ಔಷಧ ತೆಗೆದುಕೊಳ್ಳುತ್ತಿದ್ದಾರೆ ಎಂಬುದು ಅದರ ಪ್ರಶ್ನೆ. ಇವರಿಗೆ ಔಷಧ ಬೇಕೇ ಬೇಡವೇ ಎಂಬ ಬಗ್ಗೆ ವೈದ್ಯಲೋಕದಲ್ಲಿ ಎರಡು ಮಾತಿಲ್ಲ. ಆದರೂ ಬಡ ದೇಶಗಳಲ್ಲಿ ಆಸ್ಪಿರಿನ್ ಬಗೆಯ ಔಷಧ ಸೇವಿಸುತ್ತಿದ್ದವರು ಶೇ. 8.8, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಸೇವಿಸುತ್ತಿದ್ದವರು ಶೇ. 3.3. ಶ್ರೀಮಂತ ದೇಶಗಳಲ್ಲಿ ಇದೇ ಪ್ರಮಾಣ ಕ್ರಮವಾಗಿ 62.0 ಮತ್ತು 66.5. ಬಡ ದೇಶಗಳಲ್ಲಿ ಒಂದೂ ಔಷಧವಿಲ್ಲದೆ ಇದ್ದವರು ಶೇ. 80.2! ಹಳ್ಳಿಗಳಲ್ಲಿ ಬಳಕೆ ಪಟ್ಟಣಗಳಿಗಿಂತಲೂ ಕಡಿಮೆ.

ಈ ಅಂಕಿಗಳನ್ನು ಬಳಸುವಾಗ ಎಚ್ಚರ ಬೇಕು. ಜನರನ್ನು ಅಧ್ಯಯನಕ್ಕೆ ಸೇರಿಸಿಕೊಂಡದ್ದು 2003ರಿಂದ 2009ರ ನಡುವೆ. ಕಾಯಿಲೆ ಇದೆ ಎಂದು ತಾವೇ ಹೇಳಿದವರನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದಾರೆ. ಮೊದಲ ಆಘಾತದಲ್ಲೇ ಸತ್ತವರು, ತಮಗೆ ಆದದ್ದು ಹೃದಯಾಘಾತ ಎಂದೇ ತಿಳಿಯದವರು ಇದರಲ್ಲಿಲ್ಲ. ಮತ್ತೊಂದು ಸಂಗತಿ ಕಣ್ಣಿಗೆ ಬೀಳದೆ ಹೋಗುವಂಥದ್ದು: ಹೃದ್ರೋಗಿಗಳಿಗೆ ಕಾಯಿಲೆ ಕಾಣಿಸಿಕೊಂಡು ಆಗಲೇ ಸರಿಸುಮಾರು ಐದು ವರ್ಷ ಆಗಿತ್ತು, ಪಾರ್ಶ್ವವಾಯು ಆದವರಿಗೆ ನಾಲ್ಕು. ಅಂದರೆ ಇದು ಆಸ್ಪತ್ರೆ ಬಿಟ್ಟ ಮರುದಿನದ ಲೆಕ್ಕವಲ್ಲ, ಐದನೆಯ ವರ್ಷದ ಲೆಕ್ಕ.

ಔಷಧ ಸಿಗುವುದಿಲ್ಲವೇ? ಸಿಗುತ್ತದೆ. ಪ್ಯೂರ್ ತಂಡವೇ ಅಂಗಡಿಗಳನ್ನೂ ನೋಡಿ ಬಂದಿತ್ತು. ಬೇಕಾದ ನಾಲ್ಕು ಬಗೆಯ ಔಷಧಗಳೂ ಭಾರತದ ಶೇ. 89 ನಗರ ಸಮುದಾಯಗಳಲ್ಲಿ, ಶೇ. 81 ಗ್ರಾಮೀಣ ಸಮುದಾಯಗಳಲ್ಲಿ ಸಿಗುತ್ತಿದ್ದವು. ಉಳಿದ ಬಡ ದೇಶಗಳ ಹಳ್ಳಿಗಳಲ್ಲಿ ಈ ಪ್ರಮಾಣ ಶೇ. 3. ನಮ್ಮ ಜೆನೆರಿಕ್ ಔಷಧ ಉದ್ಯಮದ ಹೆಗ್ಗಳಿಕೆ ಇದು, ಒಪ್ಪಲೇಬೇಕು. ಆದರೆ ಅಂಗಡಿಗಳನ್ನು ನೋಡಿ ಬಂದ ಅದೇ ತಂಡದ ಲೆಕ್ಕದ ಪ್ರಕಾರ ಭಾರತದ ಶೇ. 59 ಕುಟುಂಬಗಳಿಗೆ ನಾಲ್ಕನ್ನೂ ಕೊಳ್ಳುವುದು ಕೈಗೆಟುಕದ ಮಾತು. ಊಟದ ಖರ್ಚು ಕಳೆದು ಉಳಿದ ಹಣದಲ್ಲಿ ಐದನೇ ಒಂದು ಭಾಗವನ್ನೋ ಅದಕ್ಕೂ ಹೆಚ್ಚನ್ನೋ ಮಾತ್ರೆ ನುಂಗಿಬಿಡುತ್ತದೆ ಎಂದು ಇದರ ಅರ್ಥ.

ಹಣವೊಂದೇ ಕಾರಣ ಎಂದು ನನಗೆ ತೋರುವುದಿಲ್ಲ. ಹೃದಯಾಘಾತವಾಗಿ ಮನೆಗೆ ಮರಳಿದವರ ಡಿಸ್ಚಾರ್ಜ್ ಕಾರ್ಡಿನ ಕೊನೆಯ ಭಾಗ ನೋಡಿ: ಆಸ್ಪಿರಿನ್ 75, 0-1-0; ಅಟೋರ್ವಾಸ್ಟಾಟಿನ್ 40, 0-0-1; ಎದುರಿಗೆ ‘30 ದಿನ’. ಬರೆದ ವೈದ್ಯರಿಗೆ ಅದು ಮುಂದಿನ ಭೇಟಿಯವರೆಗಿನ ಲೆಕ್ಕ. ಓದುವ ಮನೆಯವರಿಗೆ ಕೋರ್ಸು ಮುಗಿಯುವ ದಿನ. ಎದೆನೋವಿಲ್ಲ, ಸ್ಟೆಂಟ್ ಹಾಕಿಸಿಯಾಯಿತು, ಇನ್ನು ಮಾತ್ರೆ ಯಾಕೆ? ಕೇಳುವವರ ತಪ್ಪೇನೂ ಇಲ್ಲ. ‘ಜೀವನಪೂರ್ತಿ’ ಎಂಬ ಪದ ಆ ಕಾರ್ಡಿನಲ್ಲಿ ಇರುವುದು ಅಪರೂಪ, ಕನ್ನಡದಲ್ಲಿ ಇರುವುದು ಇನ್ನೂ ಅಪರೂಪ.

ಇದಕ್ಕೆ ಉತ್ತರ ಹುಡುಕಿದ ಒಂದು ಪ್ರಯೋಗ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರದು. ‘ಸ್ಪ್ರೆಡ್’ ಎಂಬ ಆ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ದೇಶದ 14 ಆಸ್ಪತ್ರೆಗಳ 806 ಹೃದ್ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ಅದರ ಜೊತೆಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರಿಂದ ವಿಚಾರಣೆ, ಸಲಹೆ. ವರ್ಷದ ಕೊನೆಗೆ ಮಾತ್ರೆ ಬಿಡದೆ ತೆಗೆದುಕೊಳ್ಳುತ್ತಿದ್ದವರು ಮೊದಲ ಗುಂಪಿನಲ್ಲಿ ಶೇ. 92, ಎರಡನೆಯದರಲ್ಲಿ ಶೇ. 97. ಲಾಭ ಚಿಕ್ಕದು ಅನ್ನಿಸಬಹುದು. ನನಗೆ ಹೆಚ್ಚು ಮಹತ್ವದ್ದಾಗಿ ಕಂಡದ್ದು ಆ 92. ಆಸ್ಪತ್ರೆಯ ಸಂಪರ್ಕದಲ್ಲಿರುವ ರೋಗಿ ಮೊದಲ ವರ್ಷ ಮಾತ್ರೆ ಬಿಡುವುದಿಲ್ಲ ಎಂದಾಯಿತು. ಒಂದೂ ಔಷಧವಿಲ್ಲದವರ ಪ್ಯೂರ್‌ನ ಶೇ. 80ನ್ನು ಇದರ ಪಕ್ಕದಲ್ಲಿಟ್ಟರೆ ಎರಡೂ ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಒಂದು ಆಸ್ಪತ್ರೆಯಿಂದ ಹೊರಟವರ ಹಿಂದೆ ಹೋಗಿ ಎಣಿಸಿದ್ದು, ಇನ್ನೊಂದು ಮನೆಮನೆಯಲ್ಲಿ ಎಣಿಸಿದ್ದು. ಕೈತಪ್ಪುವಿಕೆ ಆಗುತ್ತಿರುವುದು ಈ ಎರಡರ ನಡುವಿನ ವರ್ಷಗಳಲ್ಲಿ, ಆಸ್ಪತ್ರೆಯ ಜೊತೆಗಿನ ನಂಟು ಕಡಿದ ಮೇಲೆ.

ಇನ್ನೂ ಆಘಾತವಾಗದವರ ಮಾತು ಬೇರೆ. ಹಲವು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸುವ ‘ಪಾಲಿಪಿಲ್’ ಕಲ್ಪನೆಯನ್ನು ವಾಲ್ಡ್ ಮತ್ತು ಲಾ 2003ರಲ್ಲಿ ಮುಂದಿಟ್ಟರು. 55 ದಾಟಿದ ಎಲ್ಲರಿಗೂ ಕೊಡಿ ಎಂಬಷ್ಟು ಉತ್ಸಾಹ ಅವರದು. ಅದನ್ನು ಇಲ್ಲಿ ಒರೆಗೆ ಹಚ್ಚಿದ್ದು ಸಲೀಂ ಯೂಸುಫ್, ಪ್ರೇಮ್ ಪೈಸ್ ಮತ್ತು ಕ್ಸೇವಿಯರ್ ಅವರ ‘ಟಿಪ್ಸ್’ ಸರಣಿ. 2009ರ ಮೊದಲ ಅಧ್ಯಯನ ಭಾರತದ 50 ಕೇಂದ್ರಗಳದು. 2020ರ ‘ಟಿಪ್ಸ್-3’ರಲ್ಲಿ ಇದ್ದವರು 5,713 ಮಂದಿ. ಪಾಲಿಪಿಲ್ ಜೊತೆ ಆಸ್ಪಿರಿನ್ ಪಡೆದವರಲ್ಲಿ ಸರಾಸರಿ 4.6 ವರ್ಷಗಳಲ್ಲಿ ಶೇ. 4.1 ಮಂದಿಗೆ ಆಘಾತವಾಯಿತು. ಬರೀ ಹುಸಿಮಾತ್ರೆ ಪಡೆದವರಲ್ಲಿ ಶೇ. 5.8. ‘ಮೂರನೇ ಒಂದು ಪಾಲು ಇಳಿಕೆ’ ಎಂದು ತಲೆಬರಹ ಕೊಡಬಹುದು. ನೂರು ಜನ ನಾಲ್ಕೂವರೆ ವರ್ಷ ನುಂಗಿದರೆ ಇಬ್ಬರಿಗಿಂತ ಕಡಿಮೆ ಮಂದಿ ಪಾರಾಗುತ್ತಾರೆ ಎಂದೂ ಹೇಳಬಹುದು. ಎರಡೂ ನಿಜ. ಆ ಪ್ರಯೋಗದಲ್ಲೂ ಮಾತ್ರೆ ನಿಲ್ಲಿಸಿದವರು ಬಹಳ ಮಂದಿ; ಪೂರೈಕೆಯ ವಿಳಂಬ ಮತ್ತು ಕೋವಿಡ್ ಅದಕ್ಕಿದ್ದ ಕಾರಣಗಳಲ್ಲಿ ಸೇರಿದ್ದವು. ಆರೋಗ್ಯವಂತ ವೃದ್ಧರು ಆಸ್ಪಿರಿನ್ ಅನ್ನು ತಾವಾಗಿಯೇ ಶುರು ಮಾಡುವುದಂತೂ ಬೇಡ: 70 ದಾಟಿದವರೇ ಹೆಚ್ಚಾಗಿದ್ದ ‘ಆಸ್ಪ್ರೀ’ ಪ್ರಯೋಗದಲ್ಲಿ (2018) ಹೃದಯಕ್ಕೆ ಲಾಭ ಕಾಣಲಿಲ್ಲ, ರಕ್ತಸ್ರಾವ ಹೆಚ್ಚಾಯಿತು.

2025ರಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಹರಡಿದಾಗ ಜಯದೇವ ಆಸ್ಪತ್ರೆಗಳ ಮುಂದೆ ಆತಂಕದಿಂದ ತಪಾಸಣೆಗೆ ಬಂದವರ ಸಾಲು ನಿಂತಿತ್ತು. ಇಂದಿನ ಇಸಿಜಿ ಸರಿಯಿದ್ದರೆ ಮುಂದಿನ ಹತ್ತು ವರ್ಷಕ್ಕೆ ಖಾತರಿ ಸಿಕ್ಕಂತಲ್ಲ. ಮುಂದಿನ ಅಪಾಯದ ಅಂದಾಜಿಗೆ ವಯಸ್ಸು, ಬಿಪಿ, ತಂಬಾಕು, ಸಕ್ಕರೆ ಕಾಯಿಲೆಯ ಮಾಹಿತಿ ಬೇಕು. ಅದನ್ನು ಆಶಾ ಕಾರ್ಯಕರ್ತೆಯೂ ಬರೆದುಕೊಳ್ಳಬಲ್ಲರು. 30 ದಾಟಿದವರನ್ನು ಮನೆಯಲ್ಲೇ ತಪಾಸಣೆ ಮಾಡುವ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರದಿಂದ ಆರಂಭವಾಗಿದೆ. ಇಂಥ ಯೋಜನೆಗಳ ವರದಿಯಲ್ಲಿ ತಪಾಸಣೆಯಾದವರ ಸಂಖ್ಯೆ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಒಮ್ಮೆ ಹೃದಯಾಘಾತವಾದವರಲ್ಲಿ ಐದನೆಯ ವರ್ಷವೂ ಮಾತ್ರೆ ಪಡೆಯುತ್ತಿರುವವರು ಎಷ್ಟು ಎಂಬ ಅಂಕಣವನ್ನೂ ಆರೋಗ್ಯ ಇಲಾಖೆ ಅದಕ್ಕೆ ಸೇರಿಸಿ, ತಾಲ್ಲೂಕುವಾರು ಪ್ರಕಟಿಸಬೇಕು.