ಎಂಟುನೂರರ ಮಾಪಕ: ಹಣಕಾಸು ವ್ಯಾಸಂಗದ ಪ್ರವೇಶಾಂಕಗಳ ಚರಿತ್ರೆ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಹಣಕಾಸು ವಿಷಯದ ಸ್ನಾತಕೋತ್ತರ ವ್ಯಾಸಂಗಕ್ಕೆ ಅರ್ಜಿ ಹಾಕುವವರು ಜಿಮ್ಯಾಟ್ ಅಥವಾ ಜಿಆರ್‌ಇ ಎಂಬ ಪರೀಕ್ಷೆಯ ಅಂಕವನ್ನು ಅರ್ಜಿಯೊಡನೆ ಸಲ್ಲಿಸುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಈ ಅಂಕಗಳು ದಶಕಗಳ ಕಾಲ 200ರಲ್ಲಿ ಆರಂಭವಾಗಿ 800ರಲ್ಲಿ ಮುಗಿಯುತ್ತಿದ್ದವು. ನೂರಕ್ಕೆ ಇಷ್ಟು ಎಂಬ ಲೆಕ್ಕಕ್ಕೆ ಒಗ್ಗಿಹೋದ ಓದುಗರಿಗೆ, ಏನೂ ಬರೆಯದವನಿಗೂ 200 ಕೊಡುವ, ಎಲ್ಲವನ್ನೂ ಬರೆದವನಿಗೂ 800ಕ್ಕಿಂತ ಹೆಚ್ಚು ಕೊಡದ ಈ ಮಾಪಕ ವಿಚಿತ್ರವಾಗಿ ಕಾಣುವುದು ಸಹಜ. ಇದರ ಮೂಲ ಹಣಕಾಸು ಶಾಸ್ತ್ರದಲ್ಲಿಲ್ಲ, ಪ್ರೌಢಶಾಲೆ ಮುಗಿಸಿದವರನ್ನು ಕಾಲೇಜಿಗೆ ಆರಿಸಲು ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್‌ನ ನೇತೃತ್ವದಲ್ಲಿ ರೂಪುಗೊಂಡು 1926ರಲ್ಲಿ ಬಳಕೆಗೆ ಬಂದ ಎಸ್‌ಎಟಿ ಎಂಬ ಪರೀಕ್ಷೆಯಲ್ಲಿದೆ.

ಆ ಪರೀಕ್ಷೆಯನ್ನು ರೂಪಿಸಿದವರು ಅಭ್ಯರ್ಥಿ ಗಳಿಸಿದ ಕಚ್ಚಾ ಅಂಕವನ್ನು, ಅಂದರೆ ಸರಿ ಉತ್ತರಗಳ ಎಣಿಕೆಯನ್ನು, ಹಾಗೆಯೇ ಪ್ರಕಟಿಸುತ್ತಿರಲಿಲ್ಲ. ಗುಂಪಿನ ಸರಾಸರಿಯನ್ನು 500 ಎಂದು ಇಟ್ಟುಕೊಂಡು, ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆಯಾದ ಮಾನಕ ವಿಚಲನೆಯನ್ನು 100 ಎಂದು ಹಿಡಿದು, ಪ್ರತಿಯೊಬ್ಬರ ಸ್ಥಾನವನ್ನು ಆ ಲೆಕ್ಕದಲ್ಲಿ ಹೇಳುತ್ತಿದ್ದರು. 200 ಮತ್ತು 800 ಎಂಬ ತುದಿಗಳು ಸರಾಸರಿಯಿಂದ ಕೆಳಗೂ ಮೇಲೂ ಮೂರು ವಿಚಲನೆಗಳಷ್ಟು ದೂರ ಬೀಳುತ್ತವೆ; ಅಂಕಗಳು ಗಂಟೆಯಾಕಾರದ ವಕ್ರರೇಖೆಯಂತೆ ಹರಡಿಕೊಂಡಿದ್ದರೆ ಮೇಲಿನ ತುದಿಯನ್ನು ಮುಟ್ಟುವವರು ಸಾವಿರಕ್ಕೆ ಒಬ್ಬರೋ ಇಬ್ಬರೋ ಆಗಿರಬೇಕು. 1941ರ ಏಪ್ರಿಲ್‌ನಲ್ಲಿ ಪರೀಕ್ಷೆ ಬರೆದ ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಗುಂಪನ್ನೇ ಅಳತೆಗೋಲಾಗಿ ನಿಲ್ಲಿಸಿ, ಅನಂತರ ಬಂದವರನ್ನೆಲ್ಲ ಅವರೊಡನೆ ಹೋಲಿಸುವ ವ್ಯವಸ್ಥೆ ಬಂದ ಮೇಲೆ ಈ ಮಾಪಕಕ್ಕೆ ಒಂದು ಬಗೆಯ ಸ್ಥಿರತೆ ದೊರೆಯಿತು. ಅಂಕ ಇಲ್ಲಿ ಜ್ಞಾನದ ಪ್ರಮಾಣವಲ್ಲ, ಗುಂಪಿನೊಳಗಿನ ಸ್ಥಾನ. ಗುಂಪು ಬದಲಾದರೆ ಅದೇ ಅಂಕದ ಬೆಲೆಯೂ ಬದಲಾಗುತ್ತದೆ. ಮುಂದಿನ ಎಂಬತ್ತು ವರ್ಷಗಳ ಕಥೆಯೆಲ್ಲ ಬಹುಮಟ್ಟಿಗೆ ಈ ಬದಲಾವಣೆಯದೇ.

ಪದವಿ ಮುಗಿಸಿದವರಿಗಾಗಿ ಇಂಥ ಪರೀಕ್ಷೆಯನ್ನು ಮೊದಲು ಕಟ್ಟಿದ್ದು ಕಾರ್ನೆಗಿ ಪ್ರತಿಷ್ಠಾನ. 1936ರಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳ ಜೊತೆಗೂಡಿ ಅದು ಆರಂಭಿಸಿದ ಪ್ರಯೋಗವೇ ಮುಂದೆ ಜಿಆರ್‌ಇ ಆಯಿತು. ಎರಡನೆಯ ಮಹಾಯುದ್ಧದ ತರುವಾಯ, 1944ರ ಕಾಯಿದೆಯೊಂದರ ನೆರವಿನಿಂದ ಸೈನ್ಯದಿಂದ ಮರಳಿದವರು ಸರ್ಕಾರದ ಖರ್ಚಿನಲ್ಲಿ ಕಾಲೇಜು ಸೇರತೊಡಗಿದಾಗ, ಅರ್ಜಿದಾರನ ಊರು, ಮನೆತನ, ಶಾಲೆಯ ಹೆಸರುಗಳನ್ನು ನೋಡಿ ಆರಿಸುವ ಹಳೆಯ ರೂಢಿ ಸಾಲದಾಯಿತು. 1947ರ ಕೊನೆಯಲ್ಲಿ ಮೂರು ಸಂಸ್ಥೆಗಳ ಪರೀಕ್ಷಾ ವಿಭಾಗಗಳನ್ನು ಒಂದುಗೂಡಿಸಿ ಪ್ರಿನ್ಸ್‌ಟನ್‌ನಲ್ಲಿ ಇಟಿಎಸ್ ಎಂಬ ಪರೀಕ್ಷಾ ಸಂಸ್ಥೆಯನ್ನು ಸ್ಥಾಪಿಸಲಾಯಿತು. ಹಾರ್ವರ್ಡ್‌ನಲ್ಲಿ ಸಹಾಯಕ ಡೀನ್ ಆಗಿದ್ದ ಹೆನ್ರಿ ಚಾನ್ಸಿ ಅದರ ಮೊದಲ ಅಧ್ಯಕ್ಷನಾದ. ಮರುವರ್ಷವೇ ಕಾನೂನು ಶಾಲೆಗಳಿಗೆ ಪ್ರತ್ಯೇಕ ಪರೀಕ್ಷೆ ಬಂದಿತು. ಅದರ ಬೆನ್ನಿಗೇ ವ್ಯಾಪಾರಾಡಳಿತದ ಶಾಲೆಗಳು, ಅಂದರೆ ಜನ ಬಿಸಿನೆಸ್ ಸ್ಕೂಲ್ ಎಂದು ಕರೆಯುವವು, ತಮಗೂ ಅಂಥದೊಂದು ಬೇಕೆಂದು ಕೇಳಿದವು.

1953ರಲ್ಲಿ ಹಾರ್ವರ್ಡ್, ಕೊಲಂಬಿಯಾ, ಷಿಕಾಗೊ ಮುಂತಾದ ಒಂಬತ್ತು ವಿಶ್ವವಿದ್ಯಾಲಯಗಳ ಬಿಸಿನೆಸ್ ಸ್ಕೂಲ್‌ಗಳು ಸೇರಿ ಇಟಿಎಸ್‌ಗೆ ಈ ಕೆಲಸವನ್ನು ವಹಿಸಿದವು; 1954ರಲ್ಲಿ ಮೊದಲ ಪರೀಕ್ಷೆ ನಡೆಯಿತು. ವ್ಯಾಪಾರದ ಸ್ನಾತಕೋತ್ತರ ವ್ಯಾಸಂಗದ ಪ್ರವೇಶ ಪರೀಕ್ಷೆ ಎಂಬರ್ಥದ ಉದ್ದನೆಯ ಹೆಸರು ಅದಕ್ಕಿದ್ದಿತು. ಜಿಮ್ಯಾಟ್ ಎಂಬ ಚಿಕ್ಕ ಹೆಸರು ಬಂದದ್ದು 1976ರಲ್ಲಿ. 1954ರ ಆ ಮೊದಲ ವರ್ಷ ಪರೀಕ್ಷೆ ಬರೆದವರು ಎರಡು ಸಾವಿರಕ್ಕೆ ತುಸು ಮೇಲೆ. ಹೊಸ ಪರೀಕ್ಷೆಗೂ ಎಸ್‌ಎಟಿಯ 200–800ರ ಅಂಗಿಯನ್ನೇ ತೊಡಿಸಲಾಯಿತು. ಅದನ್ನು ರೂಪಿಸಿದವರು ಹೇಳಿಕೊಂಡ ಗುರಿ ಬಹಳ ಸಣ್ಣದು: ಅಭ್ಯರ್ಥಿ ಮೊದಲ ವರ್ಷದ ತರಗತಿಗಳಲ್ಲಿ ಎಂಥ ಅಂಕ ಪಡೆಯಬಹುದೆಂದು ಅಂದಾಜು ಮಾಡುವುದು. ಆತ ಒಳ್ಳೆಯ ಬ್ಯಾಂಕರನಾಗುವನೇ, ಹೂಡಿಕೆಯಲ್ಲಿ ವಿವೇಕ ತೋರುವನೇ ಎಂಬ ಪ್ರಶ್ನೆಗಳಿಗೆ ಉತ್ತರಿಸುವ ಹೊಣೆಯನ್ನು ಪರೀಕ್ಷೆ ಹೊತ್ತುಕೊಳ್ಳಲೇ ಇಲ್ಲ. ಈ ಅಂದಾಜಿನ ಬಲವನ್ನು ಅಳೆಯುವುದು ಸಹಸಂಬಂಧ ಎಂಬ ಸಂಖ್ಯೆಯಿಂದ. ಎರಡು ಅಳತೆಗಳು ಒಟ್ಟೊಟ್ಟಿಗೇ ಏರಿಳಿದರೆ ಅದು 1, ಒಂದಕ್ಕೊಂದು ನಂಟೇ ಇಲ್ಲದಿದ್ದರೆ 0. ಪ್ರವೇಶಾಂಕಕ್ಕೂ ಮೊದಲ ವರ್ಷದ ಅಂಕಕ್ಕೂ ನಡುವೆ ಇದು ಸಾಮಾನ್ಯವಾಗಿ 0.3ರಿಂದ 0.5ರವರೆಗೆ ಇರುತ್ತದೆ. 0.4 ಎಂದಿಟ್ಟುಕೊಂಡರೆ ವಿದ್ಯಾರ್ಥಿಗಳ ನಡುವಿನ ವ್ಯತ್ಯಾಸದಲ್ಲಿ ಸುಮಾರು ನೂರಕ್ಕೆ ಹದಿನಾರರಷ್ಟನ್ನು ಮಾತ್ರ ಈ ಅಂಕ ವಿವರಿಸುತ್ತದೆ. ಬರಿಯ ಸಂದರ್ಶನಕ್ಕಿಂತ ಇದು ಮೇಲೆಂದು ವಾದಿಸಬಹುದು, ಆದರೆ 690 ಪಡೆದವನನ್ನು ಬಿಟ್ಟು 700 ಪಡೆದವನನ್ನು ಆರಿಸಲು ಇದು ಆಧಾರವಾಗಲಾರದು.

ಇಷ್ಟು ವಿನಯದ ಸಾಧನಕ್ಕೆ ಇಷ್ಟು ಗೌರವ ಬಂದದ್ದಕ್ಕೆ ಕಾರಣವನ್ನು ಪರೀಕ್ಷೆಯ ಹೊರಗೆ, ಹಣಕಾಸು ವಿಷಯವೇ ಆ ದಶಕಗಳಲ್ಲಿ ತಳೆದ ಹೊಸ ರೂಪದಲ್ಲಿ ಹುಡುಕಬೇಕು. 1959ರಲ್ಲಿ ಫೋರ್ಡ್ ಪ್ರತಿಷ್ಠಾನ ಮತ್ತು ಕಾರ್ನೆಗಿ ಸಂಸ್ಥೆಗಳ ಬೆಂಬಲದಿಂದ ಹೊರಬಂದ ಎರಡು ವರದಿಗಳು ಅಮೆರಿಕದ ಬಿಸಿನೆಸ್ ಸ್ಕೂಲ್‌ಗಳನ್ನು ಕಟುವಾಗಿ ಟೀಕಿಸಿದವು. ಅಲ್ಲಿನ ಪಾಠ ಗುಮಾಸ್ತಗಿರಿಯ ತರಬೇತಿಯಂತಿದೆ, ವಿದ್ಯಾರ್ಥಿಗಳ ಮಟ್ಟ ಕೆಳಗಿದೆ, ಗಣಿತ ಮತ್ತು ಅರ್ಥಶಾಸ್ತ್ರದ ಬಿಗಿ ಬೇಕು ಎಂಬುದು ಅವುಗಳ ಸಾರ. ಆ ಹೊತ್ತಿಗಾಗಲೇ ಹಣಕಾಸು ಶಾಸ್ತ್ರ ಬೇರೆ ದಾರಿ ಹಿಡಿದಿತ್ತು. 1952ರಲ್ಲಿ ಹ್ಯಾರಿ ಮಾರ್ಕೊವಿಟ್ಜ್ ಹೂಡಿಕೆಗಳ ಒಟ್ಟು ಗಂಟಿನ ಲಾಭವನ್ನೂ ಅಪಾಯವನ್ನೂ ಸರಾಸರಿ ಮತ್ತು ವಿಚಲನೆಗಳ ಭಾಷೆಯಲ್ಲಿ ಬರೆದಿದ್ದ. 1958ರಲ್ಲಿ ಮೊದಿಗ್ಲಿಯಾನಿ ಮತ್ತು ಮಿಲ್ಲರ್ ಕಂಪನಿಯ ಸಾಲಕ್ಕೂ ಅದರ ಮೌಲ್ಯಕ್ಕೂ ಇರುವ ಸಂಬಂಧವನ್ನು ಪ್ರಮೇಯದ ರೂಪದಲ್ಲಿ ಇಟ್ಟರು. 1973ರಲ್ಲಿ ಬ್ಲಾಕ್ ಮತ್ತು ಷೋಲ್ಸ್ ಮುಂದೊಂದು ದಿನ ಗೊತ್ತಾದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕಾದ ಆಪ್ಷನ್‌ಗೆ ಸೂತ್ರದಿಂದ ಬೆಲೆ ಕಟ್ಟಿದರು. ಒಂದು ಕಾಲಕ್ಕೆ ಲೆಕ್ಕಪತ್ರ ಓದಲು ಬಂದರೆ ಸಾಕಾಗಿದ್ದ ವಿಷಯಕ್ಕೆ ಈಗ ಕಲನಶಾಸ್ತ್ರ, ಸಂಭವನೀಯತೆಗಳು ಬೇಕಾದವು. ಸರಾಸರಿ ಮತ್ತು ವಿಚಲನೆಗಳಿಂದ ಮನುಷ್ಯರನ್ನು ಅಳೆದ ಮಾಪಕವೂ, ಅದೇ ಸಾಮಗ್ರಿಯಿಂದ ಷೇರುಗಳನ್ನು ಅಳೆದ ಶಾಸ್ತ್ರವೂ ಒಂದೇ ಪ್ರವೇಶ ಕಚೇರಿಯಲ್ಲಿ ಎದುರಾದದ್ದು ಚರಿತ್ರೆಯ ಒಂದು ಸಣ್ಣ ತಮಾಷೆ.

1990ರ ದಶಕದಲ್ಲಿ, ಹಣಕಾಸು ಶಾಸ್ತ್ರ ಹೀಗೆ ಗಣಿತದತ್ತ ಹೊರಳಿದ್ದರ ಫಲವಾಗಿ, ಎಂಬಿಎಗಿಂತ ಭಿನ್ನವಾದ ಪದವಿಗಳು ಹುಟ್ಟಿದವು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಆ ದಶಕದ ನಡುವೆ ಗಣಕೀಯ ಹಣಕಾಸಿನ ಪದವಿಯನ್ನು ತೆರೆಯಿತು. 2001ರ ಹೊತ್ತಿಗೆ ಬರ್ಕ್‌ಲಿ ಮತ್ತು ಪ್ರಿನ್ಸ್‌ಟನ್‌ಗಳಲ್ಲಿ ಅಂಥವೇ ಕಾಣಿಸಿಕೊಂಡವು. ಇವುಗಳಿಗೆ ಬರುವವರಲ್ಲಿ ಎಂಜಿನಿಯರರು, ಭೌತವಿಜ್ಞಾನ ಓದಿದವರು ಬಹಳ. ಆದರೆ ಜಿಮ್ಯಾಟ್ ಕೇಳುವ ಗಣಿತ ಅಂಕಗಣಿತ, ಬೀಜಗಣಿತಗಳ ಶಾಲಾ ಮಟ್ಟದ್ದು. ಅದರಲ್ಲಿ ನಿಜವಾಗಿ ಜಾಣ್ಮೆಯುಳ್ಳದ್ದೆಂದರೆ, 2023ರವರೆಗೆ ಗಣಿತ ಭಾಗದಲ್ಲೇ ಇದ್ದ, ದತ್ತಾಂಶ ಸಾಕೇ ಎಂದು ಕೇಳುವ ಪ್ರಶ್ನೆಗಳು. ಅಲ್ಲಿ ಲೆಕ್ಕವನ್ನು ಬಿಡಿಸಬೇಕಾಗಿಲ್ಲ. ಕೊಟ್ಟ ಎರಡು ಹೇಳಿಕೆಗಳಲ್ಲಿ ಯಾವುದೊಂದರಿಂದ, ಅಥವಾ ಎರಡನ್ನೂ ಸೇರಿಸಿದರೆ, ಲೆಕ್ಕ ಬಿಡಿಸಲು ಸಾಧ್ಯವೇ ಎಂದು ಹೇಳಿದರೆ ಸಾಕು. ಅಪೂರ್ಣ ಮಾಹಿತಿಯ ಮೇಲೆ ಸಾಲ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವನ ಕೆಲಸಕ್ಕೆ ಇಡೀ ಪರೀಕ್ಷೆಯಲ್ಲಿ ಹತ್ತಿರವಾದ ಭಾಗವೆಂದರೆ ಇದೇ.

ಗಣಕಯಂತ್ರ ಬಂದ ಮೇಲೆ ಪರೀಕ್ಷೆಯ ಒಡಲೇ ಬದಲಾಯಿತು. ಜಿಆರ್‌ಇ 1993ರಲ್ಲಿ, ಜಿಮ್ಯಾಟ್ 1997ರಲ್ಲಿ ಹೊಂದಾಣಿಕೆಯ ವಿಧಾನಕ್ಕೆ ಹೊರಳಿದವು. ಅಭ್ಯರ್ಥಿ ಒಂದು ಪ್ರಶ್ನೆಗೆ ಸರಿಯುತ್ತರ ಕೊಟ್ಟರೆ ಮುಂದಿನದು ಕಠಿಣವಾಗಿ, ತಪ್ಪಿದರೆ ಸುಲಭವಾಗಿ ಬರುವುದು ಇದರ ಕ್ರಮ. ಎಷ್ಟು ಪ್ರಶ್ನೆ ಸರಿ ಎಂಬುದಕ್ಕಿಂತ ಎಂಥ ಪ್ರಶ್ನೆ ಸರಿ ಎಂಬುದು ಅಂಕವನ್ನು ನಿರ್ಧರಿಸತೊಡಗಿತು. ಇದರ ಗಣಿತವನ್ನು ಇಟಿಎಸ್‌ನಲ್ಲಿದ್ದ ಫ್ರೆಡರಿಕ್ ಲಾರ್ಡ್ 1950ರ ದಶಕದಿಂದಲೇ ಕಟ್ಟುತ್ತ ಬಂದಿದ್ದ. ಆದರೆ ಒಂದೇ ದಿನ ಎಲ್ಲರೂ ಬರೆಯುತ್ತಿದ್ದ ಕಾಗದದ ಪರೀಕ್ಷೆಗಿಲ್ಲದ ತೊಡಕು ಹೊಸ ವಿಧಾನದ ಜೊತೆಗೇ ಬಂದಿತು. ವರ್ಷವಿಡೀ ದಿನದಿನವೂ ನಡೆಯುವ ಪರೀಕ್ಷೆಯಲ್ಲಿ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಹೊರಬರುತ್ತವೆ, ನೆನಪಿಟ್ಟುಕೊಂಡು ಹೊರಬಂದವನು ಅವನ್ನು ಇನ್ನೊಬ್ಬನಿಗೆ ದಾಟಿಸಬಲ್ಲ. 1994ರಲ್ಲಿ ಕ್ಯಾಪ್ಲನ್ ಎಂಬ ತರಬೇತಿ ಕಂಪನಿ ತನ್ನ ನೌಕರರನ್ನು ಜಿಆರ್‌ಇ ಬರೆಯಲು ಕಳುಹಿಸಿ, ಅವರು ನೆನಪಿಟ್ಟುಕೊಂಡು ಬಂದ ಪ್ರಶ್ನೆಗಳನ್ನು ಇಟಿಎಸ್ ಮುಂದೆ ಇಟ್ಟು ಈ ದೌರ್ಬಲ್ಯವನ್ನು ತೋರಿಸಿತು. ಇಟಿಎಸ್ ಕೆಲಕಾಲ ಪರೀಕ್ಷೆ ನಡೆಸುವುದನ್ನು ಕಡಿಮೆ ಮಾಡಿತು, ಕ್ಯಾಪ್ಲನ್ ಮೇಲೆ ಮೊಕದ್ದಮೆಯನ್ನೂ ಹೂಡಿತು. 2002ರಲ್ಲಿ ಚೀನಾ, ತೈವಾನ್, ದಕ್ಷಿಣ ಕೊರಿಯಾಗಳಲ್ಲಿ ಜಿಆರ್‌ಇಯ ಗಣಕ ರೂಪವನ್ನು ಹಿಂತೆಗೆದುಕೊಂಡು ಕಾಗದಕ್ಕೆ ಮರಳಬೇಕಾಯಿತು. 2008ರಲ್ಲಿ ಪ್ರಶ್ನೆಗಳನ್ನು ಮಾರುತ್ತಿದ್ದ ಸಂಸ್ಥೆಯೊಂದರ ವಿರುದ್ಧ ಜಿಮ್ಯಾಟ್‌ನ ಒಡೆತನ ಹೊಂದಿರುವ ಮಂಡಳಿಗೆ ಇಪ್ಪತ್ಮೂರು ಲಕ್ಷ ಡಾಲರಿಗೂ ಹೆಚ್ಚಿನ ಪರಿಹಾರದ ತೀರ್ಪು ದೊರಕಿತು. ಅದೇ ವರ್ಷದಿಂದ ಅಭ್ಯರ್ಥಿಗಳ ಅಂಗೈಯ ರಕ್ತನಾಳಗಳ ವಿನ್ಯಾಸವನ್ನು ಯಂತ್ರದಿಂದ ಗುರುತಿಸುವ ವ್ಯವಸ್ಥೆಯೂ ಜಾರಿಗೆ ಬರತೊಡಗಿತು.

ಈ ನಡುವೆ ಪರೀಕ್ಷೆ ಬರೆಯುವ ಗುಂಪು ಬದಲಾಗಿತ್ತು. ಭಾರತ ಮತ್ತು ಚೀನಾಗಳಿಂದ ಬರುವವರ ಸಂಖ್ಯೆ 2000ದ ನಂತರ ಶೀಘ್ರವಾಗಿ ಏರಿತು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು ಈ ಹೊಸ ಗುಂಪಿನಲ್ಲಿ ಸೇರಿದ್ದರು. 2014ರ ಸುಮಾರಿಗೆ ಜಿಮ್ಯಾಟ್‌ನ ಗಣಿತ ಭಾಗದಲ್ಲಿ, ಹೆಸರಿಗೆ 60ರವರೆಗೆ ಇದ್ದರೂ ಕಾರ್ಯತಃ 51ರಲ್ಲಿ ನಿಲ್ಲುತ್ತಿದ್ದ ಅಳತೆಯ ಮೇಲೆ, ಏಷ್ಯಾ–ಪೆಸಿಫಿಕ್ ದೇಶಗಳವರ ಸರಾಸರಿ 45, ಅಮೆರಿಕನ್ನರದು 33, ಜಗತ್ತಿನದು 38. ಇಲ್ಲಿ ಪರ್ಸೆಂಟೈಲ್ ಎಂಬ ಪದ ಮುಖ್ಯವಾಗುತ್ತದೆ. ತನಗಿಂತ ಕಡಿಮೆ ಅಂಕ ಪಡೆದವರು ನೂರಕ್ಕೆ ಎಷ್ಟು ಮಂದಿ ಎಂಬುದನ್ನು ಅದು ಹೇಳುತ್ತದೆ. 1984ರಿಂದ ಸಿಇಟಿಯನ್ನು ಕಂಡಿರುವ ಕರ್ನಾಟಕದ ಮನೆಗಳಿಗೆ ರ‍್ಯಾಂಕ್ ಚಿರಪರಿಚಿತ. ಪರ್ಸೆಂಟೈಲ್ ಅದನ್ನೇ ತಲೆಕೆಳಗಾಗಿಸಿ ನೂರಕ್ಕೆ ಇಳಿಸಿದಂತೆ. ಬಲವಾದ ಗಣಿತದವರು ಬಂದು ಸೇರಿದಷ್ಟೂ ಅದೇ ಅಂಕದ ಪರ್ಸೆಂಟೈಲ್ ಕುಸಿಯುತ್ತ ಹೋಯಿತು. ಅಮೆರಿಕದ ಅಭ್ಯರ್ಥಿಗಳು ಹಿಂದುಳಿದವರಂತೆ ಕಾಣತೊಡಗಿದಾಗ, ಅಂಕವನ್ನು ಅಭ್ಯರ್ಥಿಯ ದೇಶ, ಪ್ರದೇಶಗಳ ಗುಂಪಿನೊಳಗೇ ಹೋಲಿಸಿ ನೋಡುವ ಸಲಕರಣೆಯನ್ನು ಮಂಡಳಿ ಶಾಲೆಗಳಿಗೆ ಒದಗಿಸಿತು. ಈ ಸರಾಸರಿಗಳ ಅಂತರವನ್ನು ಬುದ್ಧಿಯ ಅಂತರವೆಂದು ಓದುವುದು ಅಸಂಗತ. ಆಗ ಶುಲ್ಕವೇ 250 ಡಾಲರ್ ಇತ್ತು. ಅಷ್ಟನ್ನು ತೆತ್ತು ಹೊರದೇಶಕ್ಕೆ ಹೋಗಲು ಸಿದ್ಧರಾಗಿ ಬರೆಯುವವರು ಯಾವ ದೇಶದಲ್ಲೇ ಆದರೂ ಮೊದಲೇ ಜರಡಿಯಾಡಿಸಿ ಬಂದವರು, ತನ್ನ ಊರಿನ ಶಾಲೆಗೆ ಸೇರಲು ಬರೆಯುವ ಅಮೆರಿಕನ್ ಹಾಗಲ್ಲ.

ಜಿಆರ್‌ಇಯಲ್ಲಿ ಮಾಪಕದ ಮೇಲಿನ ತುದಿಯ ದಟ್ಟಣೆ ಇನ್ನೂ ಸ್ಪಷ್ಟವಾಗಿತ್ತು. 2011ಕ್ಕೆ ಮುಂಚಿನ ವರ್ಷಗಳಲ್ಲಿ ಗಣಿತ ಭಾಗದಲ್ಲಿ ಪೂರ್ತಿ 800 ಪಡೆಯುತ್ತಿದ್ದವರು ನೂರಕ್ಕೆ ಸುಮಾರು ಆರು ಮಂದಿ. ಸಾವಿರಕ್ಕೆ ಒಬ್ಬಿಬ್ಬರಿಗೆಂದು ಮೂಲದಲ್ಲಿ ಎಣಿಸಿದ್ದ ತುದಿಯಲ್ಲಿ ಅರವತ್ತು ಮಂದಿ ನೆರೆದಿದ್ದರು. ಹಣಕಾಸು ಎಂಜಿನಿಯರಿಂಗ್ ಕಲಿಯಲು ಬಂದವರಲ್ಲಿ 800 ಎಂಬುದು ಅರ್ಹತೆಯ ಗುರುತಾಗದೆ, ಇಲ್ಲದಿದ್ದರೆ ಅನುಮಾನ ಹುಟ್ಟಿಸುವ ಸಂಗತಿಯಷ್ಟೇ ಆಯಿತು. 2011ರ ಆಗಸ್ಟ್‌ನಲ್ಲಿ ಇಟಿಎಸ್ ಹಳೆಯ ಮಾಪಕವನ್ನು ಕೈಬಿಟ್ಟು 130ರಿಂದ 170ರ ಹೊಸದನ್ನು ತಂದಿತು. ಆದರೂ 170 ಪಡೆದವರ ದಟ್ಟಣೆ ತಿರುಗಿ ಬೆಳೆಯಿತು.

ಮಾಪಕ ಸವೆಯುತ್ತಿದ್ದ ಕಾಲದಲ್ಲೇ ಅಂಕದ ಪ್ರತಿಷ್ಠೆ ಏರಿದ್ದಕ್ಕೆ ಇನ್ನೊಂದು ಕಾರಣ ಶಾಲೆಗಳ ರ‍್ಯಾಂಕಿಂಗ್. 1988ರಲ್ಲಿ ಬಿಸಿನೆಸ್ ವೀಕ್ ಪತ್ರಿಕೆ ಬಿಸಿನೆಸ್ ಸ್ಕೂಲ್‌ಗಳನ್ನು ಸಾಲಾಗಿ ನಿಲ್ಲಿಸಿತು, ಯು.ಎಸ್. ನ್ಯೂಸ್ ತನ್ನ ಲೆಕ್ಕದಲ್ಲಿ ಸೇರಿದವರ ಪ್ರವೇಶಾಂಕದ ಸರಾಸರಿಗೂ ಪಾಲು ಕೊಟ್ಟಿತು. ಅಭ್ಯರ್ಥಿಯನ್ನು ಅಳೆಯಲು ಮಾಡಿದ ಸಂಖ್ಯೆ ಅಲ್ಲಿಂದ ಶಾಲೆಯನ್ನೇ ಅಳೆಯತೊಡಗಿತು, ಸರಾಸರಿ ಇಳಿಸುವ ಅಭ್ಯರ್ಥಿ ಎಷ್ಟೇ ಯೋಗ್ಯನಾಗಿದ್ದರೂ ಶಾಲೆಗೆ ದುಬಾರಿಯಾದ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 1985ರಲ್ಲಿ ಜಿಮ್ಯಾಟ್ ಬೇಡವೆಂದು ಬಿಟ್ಟುಬಿಟ್ಟು, ಸುಮಾರು ಒಂದು ದಶಕದ ನಂತರ ಮತ್ತೆ ಅದನ್ನು ಕೇಳತೊಡಗಿದ್ದು ಈ ಅಂಕವಿಲ್ಲದೆ ನಡೆಯುವುದು ದೊಡ್ಡವರಿಗೂ ಎಷ್ಟು ಕಷ್ಟವೆಂಬುದನ್ನು ತೋರಿಸುತ್ತದೆ. ಜಿಮ್ಯಾಟ್‌ನ ಏಕಸ್ವಾಮ್ಯಕ್ಕೆ ಪೆಟ್ಟು ಬಿದ್ದದ್ದು ಬೇರೆ ಬಗೆಯಲ್ಲಿ: 2006ರಲ್ಲಿ ಸ್ಟ್ಯಾನ್‌ಫೋರ್ಡ್, 2009ರಲ್ಲಿ ಹಾರ್ವರ್ಡ್ ಜಿಆರ್‌ಇ ಅಂಕವನ್ನೂ ಒಪ್ಪಿಕೊಂಡವು, ಉಳಿದವು ಹಿಂಬಾಲಿಸಿದವು. ಭಾರತದಲ್ಲಿ ಕ್ಯಾಟ್ ಎಂಬ ಬೇರೆಯೇ ಪ್ರವೇಶ ಪರೀಕ್ಷೆ ಇದ್ದುದರಿಂದ ಈ ಪೈಪೋಟಿಯ ಬಿಸಿ ಅಷ್ಟಾಗಿ ತಟ್ಟಲಿಲ್ಲ. ಕರ್ನಾಟಕದಲ್ಲಿ ಎಂಬಿಎಗೆ ಪಿಜಿಸಿಇಟಿ, ಕೆಮ್ಯಾಟ್‌ಗಳೇ ಸಾಮಾನ್ಯ ದಾರಿ, ಜಿಮ್ಯಾಟ್ ಕೆಲವೇ ಸಂಸ್ಥೆಗಳ ಕೆಲವೇ ತರಗತಿಗಳಿಗೆ ಸಲ್ಲುತ್ತದೆ.

2023ರ ನವೆಂಬರ್‌ನಲ್ಲಿ ಜಿಮ್ಯಾಟ್ ಎರಡೂಕಾಲು ಗಂಟೆಯ ಹೊಸ ರೂಪದಲ್ಲಿ ಬಂದಿತು. ಪ್ರಬಂಧ ಹೋಯಿತು, ದತ್ತಾಂಶ ಸಾಕೇ ಎಂಬ ಪ್ರಶ್ನೆಗಳು ಗಣಿತದಿಂದ ಹೊರಬಿದ್ದು ದತ್ತಾಂಶಕ್ಕೇ ಮೀಸಲಾದ ಬೇರೆ ಭಾಗವನ್ನು ಸೇರಿದವು. ಅಂಕಗಳು 205ರಿಂದ 805ರವರೆಗೆ, ಪ್ರತಿಯೊಂದೂ 5ರಲ್ಲೇ ಮುಗಿಯುವಂತೆ ಇಡಲಾಯಿತು. ಸೊನ್ನೆಯಲ್ಲಿ ಮುಗಿಯುವ ಹಳೆಯ ಅಂಕದೊಡನೆ ಯಾರೂ ಗೊಂದಲ ಮಾಡಿಕೊಳ್ಳಬಾರದೆಂಬುದೇ ಇದರ ಉದ್ದೇಶ. ಹಳೆಯ 700ಕ್ಕೆ ಹೊಸದರಲ್ಲಿ 645ರ ಆಸುಪಾಸು ಸಮವೆಂದು ಮಂಡಳಿಯ ಹೋಲಿಕೆ ಪಟ್ಟಿ ಹೇಳುತ್ತದೆ. ಹಳೆಯ ಪರೀಕ್ಷೆ 2024ರ ಜನವರಿಯಲ್ಲಿ ನಿಂತಿತಾದರೂ ಅಂಕಕ್ಕೆ ಐದು ವರ್ಷ ಮಾನ್ಯತೆ ಇರುವುದರಿಂದ, 2029ರ ಆರಂಭದವರೆಗೆ ಒಂದೇ ತರಗತಿಗೆ ಬರುವ ಅರ್ಜಿಗಳ ಕಟ್ಟಿನಲ್ಲಿ 700, 645, 168 ಎಂಬ ಮೂರು ಮಾಪಕಗಳ ಅಂಕಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಅವನ್ನು ಓದುವವರು ಅಂಕವನ್ನು ಬದಿಗಿಟ್ಟು ಮೊದಲು ಪರ್ಸೆಂಟೈಲ್ ಪಟ್ಟಿಯನ್ನು ತೆರೆಯುತ್ತಾರೆ.